ದುಬೈ ಸೈಟ್ ಕೆಲಸಕ್ಕೆ ಹೊರಟ ತಮ್ಮನಿಗೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ದುಬೈನಲ್ಲಿ ಸ್ಕ್ಯಾಫೋಲ್ಡಿಂಗ್, ಅಂದರೆ ಕಟ್ಟಡದ ಸುತ್ತ ಪೈಪು ಹಲಗೆಯ ಅಟ್ಟಣೆ ಕಟ್ಟುವ ಹೆಲ್ಪರ್ ಕೆಲಸ ಸಿಕ್ಕಿದೆ, ಎತ್ತರದ ಕೆಲಸ ಅಂತ ಅವ್ವ ಹೆದರಿದ್ದಾಳೆ, ನಿಜವಾಗಿಯೂ ಅಷ್ಟು ಅಪಾಯಾನಾ ಅಂತ ಕೇಳಿದ್ದೀಯ. ‘ರಾಯಚೂರಿನ ಬಿಸಿಲು ಕಂಡವನಿಗೆ ಅಲ್ಲಿನ ಬಿಸಿಲು ಏನು ಮಹಾ’ ಅಂತಲೂ ಬರೆದಿದ್ದೀಯ. ನಾನು ಕುಂದಾಪುರದ ಕಡೆಯವನು. ಇಲ್ಲಿಗೆ ಹೆಲ್ಪರ್ ಆಗಿಯೇ ಬಂದೆ, ಈಗ ಸೈಟಿನಲ್ಲಿ ಸೇಫ್ಟಿ ನೋಡಿಕೊಳ್ಳುತ್ತೇನೆ. ಅಪಾಯ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಹೊಸಬರ ವಿಷಯದಲ್ಲಿ ನನಗೆ ಎತ್ತರಕ್ಕಿಂತ ಜಾಸ್ತಿ ಭಯ ಆಗುವುದು ಅವರು ಅರ್ಥವಾಗದಿದ್ದರೂ ‘ಹಾಂ ಹಾಂ’ ಅಂದುಬಿಡುತ್ತಾರಲ್ಲ, ಅದಕ್ಕೆ.

ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಎಲ್ಲರನ್ನೂ ನಿಲ್ಲಿಸಿ ಅವತ್ತಿನ ಕೆಲಸ ಏನು, ಎಲ್ಲಿ ಹುಷಾರಾಗಿರಬೇಕು ಅಂತ ಹೇಳುತ್ತಾರೆ. ಟೂಲ್‌ಬಾಕ್ಸ್ ಟಾಕ್ ಅನ್ನುವುದು ಇದಕ್ಕೇ. ಮಾತು ಹಿಂದಿಯಲ್ಲಿ, ಸ್ವಲ್ಪ ಇಂಗ್ಲಿಷ್, ಫೋರ್‌ಮನ್ ಕೇರಳದವನಾದರೆ ನಡುವೆ ಮಲಯಾಳಂ. ಕನ್ನಡ ಕಿವಿಗೆ ಬೀಳುವುದು ಅಪರೂಪ. ಕೊನೆಗೊಂದು ಹಾಳೆ ಬರುತ್ತದೆ, ಸಾಲಾಗಿ ಸಹಿ. ನಮ್ಮ ಹುಡುಗರು ಪಕ್ಕದವನನ್ನು ಕೇಳುವುದಕ್ಕೂ ನಾಚಿಕೊಂಡು ಸುಮ್ನೆ ಗೀಚಿ ಮುಂದೆ ಹೋಗುತ್ತಾರೆ. ಆ ಸಹಿ ಅಂದರೆ ‘ನನಗೆ ಎಲ್ಲ ಹೇಳಿದ್ದಾರೆ’ ಅಂತ ಬರೆದುಕೊಟ್ಟ ಹಾಗೆ. ಕಣ್ಣಿಗೆ ಕಾಣುವ ಹಾಗೆ ಹಾಕಿದ ಸುರಕ್ಷತಾ ಸೂಚನೆಯನ್ನು ಬೇಕಂತಲೇ ಮೀರಿದ್ದು ಸಾಬೀತಾದರೆ ಪೆಟ್ಟಾದವನಿಗೆ ಪರಿಹಾರ ಇಲ್ಲ ಅಂತ ಇಲ್ಲಿನ ಕಾರ್ಮಿಕ ಕಾನೂನು ಹೇಳುತ್ತದೆ. ಆಮೇಲೆ ‘ನನಗೆ ಹಿಂದಿ ಬರ್ತಿರಲಿಲ್ಲ’ ಅಂದರೆ ಕೇಳುವವರು ಯಾರು? ‘ಸಮಝ್ ಮೇ ನಹೀ ಆಯಾ’, ಅಂದರೆ ‘ಅರ್ಥ ಆಗಲಿಲ್ಲ’, ಈ ಒಂದು ಮಾತನ್ನು ವಿಮಾನ ಹತ್ತುವ ಮೊದಲೇ ಬಾಯಿಪಾಠ ಮಾಡಿಕೋ. ಬೈದರೆ ಬೈಯಲಿ.

ಇನ್ನು ನಿನ್ನ ಕೆಲಸ. ಸ್ಕ್ಯಾಫೋಲ್ಡಿಂಗ್ ಹತ್ತುವ ಕಡೆ ಒಂದು ಟ್ಯಾಗ್ ನೇತುಹಾಕಿರುತ್ತಾರೆ. ಹಸಿರಿದ್ದರೆ ಪರೀಕ್ಷೆ ಆಗಿದೆ, ಕೆಂಪಿದ್ದರೆ ಹತ್ತುವ ಹಾಗಿಲ್ಲ. ಹಸಿರು ಅಂತ ಸುಮ್ಮನಾಗಬೇಡ, ತಾರೀಕು ನೋಡು. ವಾರಕ್ಕೊಮ್ಮೆ ನೋಡಿ ಸಹಿ ಹಾಕುವುದು ರೂಢಿ, ಜೋರು ಗಾಳಿ ಬೀಸಿದ ಮೇಲೆ ಮತ್ತೆ ನೋಡಬೇಕು. ಆದರೆ ನೀನು ಕಟ್ಟುವ ಗುಂಪಿನವನು. ಕಟ್ಟಿ ಮುಗಿಯುವ ತನಕ ಹಸಿರು ಟ್ಯಾಗ್ ಬರುವುದೇ ಇಲ್ಲ. ಹಾಗಾಗಿ ನಿನಗೆ ಬೆಲ್ಟೇ ಗತಿ.

ಬೆಲ್ಟ್ ಅಂದರೆ ಸೊಂಟದ ಪಟ್ಟಿ ಅಲ್ಲ, ಭುಜ, ಎದೆ, ತೊಡೆ ಎಲ್ಲ ಹಿಡಿಯುವ ಹಾರ್ನೆಸ್. ಸೆಕೆಗೆ ತೊಡೆಯ ಪಟ್ಟಿ ಉರಿಯುತ್ತದೆ ಅಂತ ಸಡಿಲ ಬಿಡುವವರು ಬಹಳ. ಪಟ್ಟಿಗೂ ತೊಡೆಗೂ ನಡುವೆ ಅಂಗೈ ಚಪ್ಪಟೆಯಾಗಿ ತೂರಬೇಕು, ಮುಷ್ಟಿ ತೂರಬಾರದು. ಹೊಲಿಗೆ ಬಿಟ್ಟಿದೆಯಾ, ವೆಲ್ಡಿಂಗ್ ಕಿಡಿ ಬಿದ್ದು ಸುಟ್ಟಿದೆಯಾ ಅಂತ ದಿನಾ ಕೈಯಾಡಿಸಿ ನೋಡು. ಹುಕ್ ಎರಡಿರುತ್ತವೆ. ಒಂದನ್ನು ಮುಂದೆ ಸಿಕ್ಕಿಸಿದ ಮೇಲೆಯೇ ಹಿಂದಿನದನ್ನು ಬಿಚ್ಚಬೇಕು.

ಹುಕ್ ಎಲ್ಲಿ ಹಾಕುತ್ತೀಯ ಅನ್ನುವುದು ಇದಕ್ಕಿಂತ ಮುಖ್ಯ. ಬಗ್ಗಿ ಕಾಲ ಬುಡದ ಪೈಪಿಗೆ ಸಿಕ್ಕಿಸುವುದು ಸುಲಭ, ಅಲ್ವಾ? ಲೆಕ್ಕ ಹಾಕು. ಹುಕ್ಕಿನ ಪಟ್ಟಿ ಹೆಚ್ಚುಕಮ್ಮಿ ಎರಡು ಮೀಟರ್. ಬಿದ್ದಾಗ ಅಷ್ಟೂ ಎಳೆದುಕೊಳ್ಳುತ್ತದೆ. ಆಮೇಲೆ ಬಿದ್ದ ರಭಸ ತಡೆಯಲು ಮಡಚಿ ಹೊಲಿದ ಪಟ್ಟಿ, ಅದೇ ಶಾಕ್ ಅಬ್ಸಾರ್ಬರ್, ಹೊಲಿಗೆ ಬಿಚ್ಚಿಕೊಂಡು ಇನ್ನೊಂದು ಮೀಟರ್, ಕೆಲವೊಮ್ಮೆ ಜಾಸ್ತಿಯೇ. ಅದರ ಕೆಳಗೆ ನಿನ್ನ ಮೈ. ಒಟ್ಟು ಐದಾರು ಮೀಟರ್ ಖಾಲಿ ಜಾಗ ಬೇಕು. ನೀನು ನಿಂತಿರುವುದು ನಾಲ್ಕೇ ಮೀಟರ್ ಎತ್ತರದಲ್ಲಾದರೆ ಬೆಲ್ಟ್ ಹಾಕಿಯೂ ನೆಲಕ್ಕೆ ಬಡಿಯುತ್ತೀಯ. ಹಾಗಾಗಿ ಹುಕ್ ಯಾವತ್ತೂ ಭುಜಕ್ಕಿಂತ ಮೇಲೆ. ಇಪ್ಪತ್ತನೇ ಮಹಡಿಯಲ್ಲಿ ಎಲ್ಲರಿಗೂ ತಾನಾಗಿಯೇ ಹುಷಾರು ಬರುತ್ತದೆ. ಒಂದಾಳು ಎರಡಾಳು ಎತ್ತರದಲ್ಲಿ ‘ಇಷ್ಟೇ ಅಲ್ವಾ’ ಅನ್ನುವವರನ್ನೇ ನಾನು ದಿನವಿಡೀ ಬೈಯುವುದು.

ಬಿಸಿಲಿನ ಮಾತಿಗೆ ಬರೋಣ. ರಾಯಚೂರಿನದು ಒಣ ಬಿಸಿಲು, ಬೆವರು ಆರಿ ಮೈ ತಣ್ಣಗಾಗುತ್ತದೆ. ಆಗಸ್ಟ್‌ನಲ್ಲಿ ದುಬೈ ಅಂದರೆ ಮೇಲೆ ಬಿಸಿಲು, ಸುತ್ತ ನಮ್ಮ ಕರಾವಳಿಯ ಸೆಕೆ. ಬೆವರು ಸುರಿಯುತ್ತದೆ, ಆರುವುದಿಲ್ಲ. ಬಿಸಿಲ ಹೊಡೆತಕ್ಕೆ ಜಾಸ್ತಿ ಸಿಗುವವರು ಮೊದಲ ವಾರದ ಹೊಸಬರೇ. ಹೊಸಬನಿಗೆ ಮೊದಲ ದಿನ ಬಿಸಿಲಲ್ಲಿ ಐದರಲ್ಲೊಂದು ಪಾಲು ಕೆಲಸ, ದಿನಾ ಅಷ್ಟಷ್ಟೇ ಏರಿಸಿ ಅಂತ ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಸಲಹೆ ಇದೆ. ಎಲ್ಲ ಫೋರ್‌ಮನ್‌ಗಳೂ ಇದನ್ನು ಪಾಲಿಸುತ್ತಾರೆ ಅಂದರೆ ನನಗೇ ನಗು ಬರುತ್ತದೆ. ನೀನೇ ಹುಮ್ಮಸ್ಸು ತಡೆದುಕೋ, ಮೊದಲ ವಾರ ಶಭಾಶ್‌ಗಿರಿ ಬೇಡ.

ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಮೀರಿದರೆ ತಲೆಗೆ 5,000 ದಿರ್ಹಂ ದಂಡ, ಗರಿಷ್ಠ 50,000. ನಿಲ್ಲಿಸಲಾಗದ ಕೆಲವು ಕೆಲಸಕ್ಕೆ ಮಾತ್ರ ವಿನಾಯಿತಿ. ಒಳ್ಳೆಯ ನಿಯಮವೇ. ಆದರೆ ಬೆಳಿಗ್ಗೆ ಹನ್ನೊಂದರ ಬಿಸಿಲಿಗೆ ಅದು ಅನ್ವಯಿಸುವುದಿಲ್ಲ. ಕೆಲಸ ಬೇಗ ಶುರುವಾಗುವುದರಿಂದ ನಸುಕಿನಲ್ಲೇ ಎದ್ದು ಕ್ಯಾಂಪಿನ ಬಸ್ ಹಿಡಿಯಬೇಕು. ರಾತ್ರಿ ಹನ್ನೆರಡರವರೆಗೆ ಮೊಬೈಲ್ ನೋಡಿ, ನಿದ್ದೆಗೆಟ್ಟು ಹತ್ತುವವನ ಕೈ ತಪ್ಪುವುದು ಖಂಡಿತ. ಊರಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದಿದೆ, ಅವ್ವನ ಹತ್ತಿರ ಸಂಜೆಯೇ ಮಾತಾಡಿ ಮಲಗು. ಬಾಯಾರುವ ತನಕ ಕಾಯದೆ ನೀರು ಕುಡಿ. ಜೊತೆಯವನು ತೊದಲಿದರೆ, ಕೇಳಿದ್ದಕ್ಕೆ ಏನೇನೋ ಉತ್ತರ ಕೊಟ್ಟರೆ ಅದು ಸುಸ್ತಲ್ಲ, ಬಿಸಿಲ ಹೊಡೆತ. ನೆರಳಿಗೆ ಎಳೆದು ಮೈಮೇಲೆ ನೀರು ಸುರಿ, ಆಂಬುಲೆನ್ಸಿಗೆ 998ಕ್ಕೆ ಫೋನ್ ಮಾಡಿಸು.

ಕಾಗದಪತ್ರದ್ದು ಚುಟುಕಾಗಿ. ಏಜೆಂಟ್ ‘ವಿಸಿಟ್ ವೀಸಾದಲ್ಲಿ ಹೋಗು, ಆಮೇಲೆ ನೋಡೋಣ’ ಅಂದರೆ ಹೊರಡಬೇಡ. ಸರಿಯಾದ ಕೆಲಸದ ವೀಸಾ ಇದ್ದರೆ, ಕೆಲಸದಲ್ಲಿ ಪೆಟ್ಟಾದಾಗ ಚಿಕಿತ್ಸೆಯ ಖರ್ಚು ಕಂಪನಿಯದು. ಆರು ತಿಂಗಳವರೆಗೆ ಪೂರ್ತಿ ಸಂಬಳ, ವಾಸಿಯಾಗದಿದ್ದರೆ ಮುಂದಿನ ಆರು ತಿಂಗಳು ಅರ್ಧ. ವಿಸಿಟ್ ವೀಸಾದವನು ಇದನ್ನೆಲ್ಲ ಯಾವ ಕಾಗದ ತೋರಿಸಿ ಕೇಳುತ್ತಾನೆ? ನೀನು ಎಸ್ಸೆಸ್ಸೆಲ್ಸಿ ಪಾಸಾಗದೆ ಪಾಸ್‌ಪೋರ್ಟ್ ಇಸಿಆರ್ (ಹೊರಡುವ ಮುಂಚೆ ಸರ್ಕಾರದ ವಲಸೆ ಅನುಮತಿ ಬೇಕಾದದ್ದು) ಆಗಿದ್ದರೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಅನ್ನುವ ವಿಮೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ. ಪಾಲಿಸಿಯ ಒಂದು ಪ್ರತಿ ಮನೆಯಲ್ಲಿಟ್ಟು ಬಾ.

ಸೇಫ್ಟಿ ಶೂ ಊರಿಂದಲೇ ತರಲಾ ಅಂತ ಕೇಳಿದ್ದೆಯಲ್ಲ. ಬೇಡ. ಶೂ, ಹೆಲ್ಮೆಟ್, ಬೆಲ್ಟ್ ಎಲ್ಲ ಕಂಪನಿಯೇ ಪುಕ್ಕಟೆ ಕೊಡಬೇಕು. ಅಳತೆ ಸರಿ ಬರದಿದ್ದರೆ ಅವತ್ತೇ ಬದಲಾಯಿಸಿಕೋ. ಹತ್ತಿಯ ಕಾಲುಚೀಲ ಮಾತ್ರ ನಾಲ್ಕೈದು ಜೊತೆ ಜಾಸ್ತಿ ತೆಗೆದುಕೊಂಡು ಬಾ.