ಸಿಮೆಂಟ್ ಕಾರ್ಖಾನೆ ಪಕ್ಕದ ಊರಿನಲ್ಲಿ ಗಾಳಿಯ ಧೂಳನ್ನು ಅಳೆಯುವುದು ಹೇಗೆ? ಅಗ್ಗದ ಸೆನ್ಸರ್ ಸಾಕಾ?

ಸುಳಿವಿಗೆ ಸಾಕು, ದೂರು ಕೊಡಲು ಸಾಲದು. ಅಗ್ಗದ ಸೆನ್ಸರ್ ಕಣಗಳ ಮೇಲೆ ಲೇಸರ್ ಬಿಟ್ಟು, ಚದುರಿದ ಬೆಳಕಿನಿಂದ ತೂಕವನ್ನು ಅಂದಾಜು ಮಾಡುತ್ತದೆ. ಪಿಎಂ 2.5, ಅಂದರೆ 2.5 ಮೈಕ್ರೋಮೀಟರ್‌ವರೆಗಿನ ತೀರಾ ಸಣ್ಣ ಕಣಗಳ ಮಟ್ಟಿಗೆ ಪರವಾಗಿಲ್ಲ. ಆದರೆ ಸುಣ್ಣದಕಲ್ಲು ಪುಡಿ ಮಾಡುವಾಗ, ಲಾರಿ ಓಡಾಡುವಾಗ ಏಳುವ ದಪ್ಪ ಧೂಳು ಅದಕ್ಕೆ ಸರಿಯಾಗಿ ಕಾಣುವುದೇ ಇಲ್ಲ. ಮಂಜು ಬಿದ್ದ ಬೆಳಿಗ್ಗೆಯಂತೂ ತೇವಕ್ಕೇ ಮೋಸಹೋಗಿ ಜಾಸ್ತಿ ತೋರಿಸುತ್ತದೆ.

ನಂಬಬಹುದಾದ ಹಳೆಯ ದಾರಿ ಎಂದರೆ ತೂಗುವುದು. ಪಂಪಿನಿಂದ 24 ಗಂಟೆ ಗಾಳಿ ಎಳೆದು ಫಿಲ್ಟರ್ ಮೂಲಕ ಹಾಯಿಸುತ್ತಾರೆ. ಫಿಲ್ಟರನ್ನು ಮೊದಲೂ ಆಮೇಲೂ ಒಂದೇ ತೇವಾಂಶದಲ್ಲಿಟ್ಟು ತೂಗುತ್ತಾರೆ. ನಿಮಿಷಕ್ಕೆ 1.1 ಘನ ಮೀಟರ್ ಎಂದರೆ ದಿನಕ್ಕೆ 1,584 ಘನ ಮೀಟರ್ ಗಾಳಿ. ಫಿಲ್ಟರ್ 190 ಮಿಲಿಗ್ರಾಂ ಹೆಚ್ಚು ತೂಗಿದರೆ ಘನ ಮೀಟರಿಗೆ ಸುಮಾರು 120 ಮೈಕ್ರೋಗ್ರಾಂ ಧೂಳು ಎಂದಾಯ್ತು. ನಮ್ಮ ದೇಶದ 2009ರ ಮಾನದಂಡದಲ್ಲಿ ಪಿಎಂ 10ರ (10 ಮೈಕ್ರೋಮೀಟರ್‌ವರೆಗಿನ ಕಣಗಳ) ದಿನದ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ಪಿಎಂ 2.5ರದ್ದು 60.

ಯಂತ್ರಕ್ಕಿಂತ ಜನ ಎಡವುವುದು ಜಾಗದಲ್ಲಿ. ಗೇಟಿನ ಎದುರು ಒಂದೇ ಒಂದು ಇಟ್ಟರೆ ಸುಮ್ನೆ ರಸ್ತೆ ಧೂಳನ್ನು ಅಳೆದಂತೆ, ಅಲ್ವಾ? ಗಾಳಿ ಬರುವ ಕಡೆ ಒಂದು, ಗಾಳಿ ಹೋಗುವ ಕಡೆ ಇನ್ನೊಂದು ಇರಬೇಕು. ಎರಡರ ವ್ಯತ್ಯಾಸ ನೋಡಿ. ಗಾಳಿಯ ದಿಕ್ಕನ್ನೂ ಗಂಟೆಗಂಟೆಗೆ ಬರೆದಿಡಿ. ಮಳೆಗಾಲದ ಅಳತೆ ಒಂದನ್ನೇ ಯಾರಾದರೂ ತೋರಿಸಿದರೆ ಒಪ್ಪಬೇಡಿ. ಮಳೆ ಧೂಳನ್ನು ತೊಳೆದುಬಿಡುತ್ತದೆ, ಬೇಸಿಗೆಯದ್ದೂ ಕೇಳಿ.