ಗ್ರಹಣದ ದಿನ ಅಂಗಳಕ್ಕೆ ಬಂದಿದ್ದೆ

ಗಿರಿಜಾ (ಹೆಸರನ್ನೂ ಉದ್ಯೋಗವನ್ನೂ ಬದಲಿಸಿದ್ದೇನೆ) ಗದಗ ಸೀಮೆಯವರು. ವಯಸ್ಸು 45. ಊರಿನ ಹೆಂಗಸರಿಗೆ ಹೊಲಿಗೆ ಕಲಿಸುತ್ತಾರೆ. ಮೂರು ವರ್ಷಗಳಿಂದ ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಮಲಗಿದರೆ ಎದೆ ಡವಡವ. ಒಬ್ಬರು ಅಸ್ತಮಾ ಎಂದು ಇನ್‌ಹೇಲರ್ ಕೊಟ್ಟರು. ಮುಟ್ಟು ನಿಲ್ಲುವ ಕಾಲದಲ್ಲಿ ಹೀಗೆಲ್ಲ ಇರುತ್ತದೆ ಎಂದರು ಇನ್ನೊಬ್ಬರು. ಕೊನೆಗೆ ಎಕೋ (ಶಬ್ದದ ಅಲೆಗಳಿಂದ ಹೃದಯವನ್ನು ನೋಡುವ ಪರೀಕ್ಷೆ) ಮಾಡಿದಾಗ ಹೃದಯದ ಬಲಭಾಗದ ಎರಡೂ ಕೋಣೆಗಳು ಹಿಗ್ಗಿರುವುದು ಕಂಡಿತು; ಕಾರಣ ಕಾಣಲಿಲ್ಲ. ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದ ಬಂದ ರಂಧ್ರವಿರಬಹುದು, ಗಂಟಲಿನ ಮೂಲಕ ಅನ್ನನಾಳಕ್ಕೆ ಕೊಳವೆ ಇಳಿಸಿ ಎಕೋ ಮಾಡಿ ನೋಡಬೇಕು ಎಂದರು ಹೃದ್ರೋಗ ತಜ್ಞರು. ಗಿರಿಜಾ ಒಲ್ಲೆ ಎಂದರು. ಮಾತಾಡಿಸಿ ತಿಳಿಹೇಳಲೆಂದು ಅವರನ್ನು ನನ್ನ ಬಳಿ ಕಳುಹಿಸಿದ್ದು ಆಗ.

ಕೊಳವೆ ನುಂಗುವ ಭಯವಿರಬೇಕು ಎಂದುಕೊಂಡೇ ಮಾತು ತೆಗೆದೆ. ಗಿರಿಜಾ ಸುಮ್ಮನಿದ್ದರು. ಪಕ್ಕದಲ್ಲಿದ್ದ ತಾಯಿ ಅಳತೊಡಗಿದರು. ‘ಇವಳು ಹೊಟ್ಟೆಯಲ್ಲಿದ್ದಾಗ ಖಗ್ರಾಸ ಗ್ರಹಣ ಹಿಡಿದಿತ್ತು. ಎಮ್ಮೆ ಹಗ್ಗ ಬಿಚ್ಚಿಕೊಂಡಿತೆಂದು ಅಂಗಳಕ್ಕೆ ಬಂದಿದ್ದೆ.’ ಯಾರಿಗೂ ಹೇಳದ ಆ ಮಾತನ್ನು ಅವರು ಮಗಳಿಗೆ ಹೇಳಿದ್ದು ಎಕೋ ಆದ ದಿನ ರಾತ್ರಿ. ರಂಧ್ರ ಸಿಕ್ಕಿಬಿಟ್ಟರೆ ಅವ್ವ ಬದುಕಿರುವವರೆಗೆ ಕೊರಗುತ್ತಾಳೆ, ಅದಕ್ಕಿಂತ ಪರೀಕ್ಷೆಯೇ ಬೇಡ ಎಂದು ಮಗಳು ನಿರ್ಧರಿಸಿದ್ದರು.

ಗ್ರಹಣದಿಂದ ಹೃದಯಕ್ಕೆ ಏನೂ ಆಗುವುದಿಲ್ಲ ಎಂದು ನಾನು ಹೇಳಿದೆ. ತಲೆಯಾಡಿಸಿದರು, ಅಳು ನಿಲ್ಲಲಿಲ್ಲ. ಹಾಗಾದರೆ ತಿಂಗಳ ಲೆಕ್ಕವನ್ನೇ ಹಾಕೋಣ ಎಂದೆ. ಆ ಗ್ರಹಣ ನಮ್ಮ ನಾಡಿನ ಮೇಲೆ ಹಾದದ್ದು 1980ರ ಫೆಬ್ರವರಿ 16ರಂದು. ಗಿರಿಜಾ ಹುಟ್ಟಿದ್ದು ಅದೇ ಆಗಸ್ಟ್‌ನಲ್ಲಿ. ಅಂದರೆ ಆಗ ನಾಲ್ಕನೆಯ ತಿಂಗಳು. ಮಗುವಿನ ಹೃದಯದ ಕೋಣೆಗಳು ಮೊದಲ ಎರಡು ತಿಂಗಳಲ್ಲೇ ರೂಪುಗೊಂಡಿರುತ್ತವೆ. ‘ಅಮ್ಮಾ, ನೀವು ಎಮ್ಮೆಯ ಹಿಂದೆ ಹೋಗುವ ಹೊತ್ತಿಗೆ ಆ ಕೆಲಸ ಮುಗಿದು ಎಷ್ಟೋ ವಾರಗಳಾಗಿದ್ದವು.’ ಅವರು ಬೆರಳು ಮಡಿಚಿ ಎರಡು ಸಲ ಎಣಿಸಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು.

ಗಿರಿಜಾ ಆಗ ಬಾಯಿಬಿಟ್ಟರು: ‘ಒಮ್ಮೆ ನೋಡಿ ಆಗಿದೆಯಲ್ಲ, ಮತ್ತೇಕೆ?’ ನ್ಯಾಯವಾದ ಪ್ರಶ್ನೆ. ಎದೆಯ ಮೇಲಿಂದ ಎಕೋ ಮಾಡುವಾಗ ದೊಡ್ಡವರಲ್ಲಿ ಪಕ್ಕೆಲುಬು, ಶ್ವಾಸಕೋಶದ ಗಾಳಿ ಅಡ್ಡ ಬರುತ್ತವೆ. ಹೃದಯದ ಹಿಂಭಾಗದ, ಮೇಲ್ತುದಿಯ ರಂಧ್ರಗಳು ಅಲ್ಲಿ ತಪ್ಪಿಹೋಗುತ್ತವೆ. ಅನ್ನನಾಳ ಹೃದಯದ ಬೆನ್ನಿಗೇ ಅಂಟಿಕೊಂಡಂತಿದೆ. ಅಲ್ಲಿಂದ ನೋಡಿದರೆ ನಡುವೆ ಏನೂ ಇರುವುದಿಲ್ಲ. ಇದೂ ಶಬ್ದದ ಅಲೆಗಳ ಪರೀಕ್ಷೆಯೇ, ವಿಕಿರಣವಿಲ್ಲ. ಆರು ಗಂಟೆ ಉಪವಾಸವಿರಬೇಕು. ಗಂಟಲಿಗೆ ಮರಗಟ್ಟುವ ಔಷಧಿ ಸಿಂಪಡಿಸಿ, ಮಂಪರು ಬರಿಸುತ್ತಾರೆ. ಗಂಟಲಿನ ಜೋಮು ಇಳಿಯುವವರೆಗೆ ನೀರು ಕೂಡ ಕುಡಿಯಬಾರದು. ನುಂಗಲು ತೊಂದರೆಯಿದ್ದರೆ, ಕಟ್ಟಿಸಿದ ಹಲ್ಲಿದ್ದರೆ ಮೊದಲೇ ತಿಳಿಸಿ ಎಂದೆ.

ಪರೀಕ್ಷೆಯಲ್ಲಿ ರಂಧ್ರ ಸಿಕ್ಕಿತು. ಮೇಲಿನ ಮಹಾಸಿರೆ (ತಲೆ, ತೋಳುಗಳ ಕಡೆಯಿಂದ ರಕ್ತ ತರುವ ದೊಡ್ಡ ನಾಳ) ಹೃದಯಕ್ಕೆ ಸೇರುವ ಬಾಯಿಯ ಹತ್ತಿರವೇ ಇತ್ತು. ಹೃದಯದ ಎಡಭಾಗಕ್ಕೆ ಹೋಗಬೇಕಾದ ಶ್ವಾಸಕೋಶದ ಒಂದು ಸಿರೆ ಬಲಭಾಗಕ್ಕೆ ಸೇರಿತ್ತು. ತೊಡೆಯ ಸಂದಿನಿಂದ ಸಾಧನ ತೂರಿಸಿ ಮುಚ್ಚುವಂಥದ್ದಲ್ಲ, ಶಸ್ತ್ರಚಿಕಿತ್ಸೆ ಬೇಕು. ಶ್ವಾಸಕೋಶದ ರಕ್ತದೊತ್ತಡ ಇನ್ನೂ ಹೆಚ್ಚು ಏರಿಲ್ಲದ್ದು ದೊಡ್ಡ ಸಮಾಧಾನ. ಅದು ವಿಪರೀತ ಏರಿದ ಮೇಲೆ ರಂಧ್ರ ಮುಚ್ಚುವುದೇ ಅಪಾಯ. ಆದ್ದರಿಂದ ಸುಗ್ಗಿ ಮುಗಿಯಲಿ, ಹಬ್ಬ ಕಳೆಯಲಿ ಎಂದು ಮುಂದೂಡಬೇಡಿ ಎಂದು ಒತ್ತಿ ಹೇಳಿದೆ.

ಉಳಿದದ್ದು 19 ವರ್ಷದ ಮಗಳ ಚಿಂತೆ. ಸುದ್ದಿ ಹಬ್ಬಿದರೆ ಸಂಬಂಧ ಕೂಡಿಬರುವುದೇ ಎಂದು ಗಿರಿಜಾ ಕೇಳಿದರು. ತಾಯಿಗೆ ಇಂಥ ದೋಷವಿದ್ದರೆ ಮಕ್ಕಳಲ್ಲಿ ಸಾಧ್ಯತೆ ಸ್ವಲ್ಪ ಹೆಚ್ಚು, ಆದರೂ ಬಹುಪಾಲು ಮಕ್ಕಳ ಹೃದಯ ಸರಿಯಾಗಿಯೇ ಇರುತ್ತದೆ. ಸಂಬಂಧಕ್ಕಾಗಿ ಅಲ್ಲ, ಅವಳ ಆರೋಗ್ಯಕ್ಕಾಗಿ ಒಂದು ಎಕೋ ಮಾಡಿಸಿ. ನಿಮ್ಮ ಕಾಯಿಲೆಯನ್ನು ಅವಳಿಂದ ಮುಚ್ಚಿಡಬೇಡಿ ಎಂದೆ. ಶಸ್ತ್ರಚಿಕಿತ್ಸೆಯ ಹಿಂದಿನ ವಾರಕ್ಕೆ ಮಗಳ ಎಕೋ ಗೊತ್ತುಮಾಡಿದೆವು. ಅವಳ ಜೊತೆ ತಾನೇ ಬರುವುದಾಗಿ ಅಜ್ಜಿ ಹೇಳಿದರು.