ಮಂಡ್ಯದಲ್ಲಿ ಓದುತ್ತಿದ್ದೇನೆ. ಯುದ್ಧನೌಕೆಯನ್ನು ನೀರಿನೊಳಗೆ ನುಗ್ಗಿಬಂದು ಸಿಡಿಯುವ ಟಾರ್ಪೆಡೊದಿಂದ ಕಾಪಾಡುವ ಪ್ರಾಜೆಕ್ಟ್‌ಗೆ ಅದನ್ನು ದಾರಿ ತಪ್ಪಿಸುವ ಹುಸಿಗುರಿಯನ್ನು ಆರಿಸಿಕೊಳ್ಳಲೇ, ಅದನ್ನು ಹೊಡೆದು ನಾಶಮಾಡುವ ಎದುರು-ಟಾರ್ಪೆಡೊವನ್ನೇ?

ಎರಡೂ ಬೇಡ. ಹನ್ನೊಂದು ವರ್ಷಗಳ ಹಿಂದೆ ಇದೇ ಪ್ರಶ್ನೆ ಹಿಡಿದು ನಾನೂ ಮಂಡ್ಯದಲ್ಲೇ ಕುಳಿತಿದ್ದೆ. ಮೊದಲು ನೀರಿನ ಸದ್ದನ್ನು ಕೇಳಲು ಕಲಿಯಿರಿ.

ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಪಾಂಡವಪುರದ ಹತ್ತಿರ ನಮ್ಮ ಕಬ್ಬಿನ ಗದ್ದೆಯ ಕೃಷಿಹೊಂಡಕ್ಕೆ ಹೈಡ್ರೋಫೋನ್, ಅಂದರೆ ನೀರಿನೊಳಗಿನ ಸದ್ದು ಹಿಡಿಯುವ ಮೈಕ್, ಇಳಿಬಿಟ್ಟೆ. ಪ್ರೊಪೆಲ್ಲರ್ ಜೋಡಿಸಿದ ಸಣ್ಣ ಮೋಟಾರು ತಿರುಗುವಾಗಿನ ಸದ್ದು ‘ಟಾರ್ಪೆಡೊ’, ಅದು ನಿಂತಾಗಿನದು ‘ಖಾಲಿ ನೀರು’. ಎರಡನ್ನೂ ಕಂಪ್ಯೂಟರಿಗೆ ಕಲಿಸಿದೆ. ಪರೀಕ್ಷಿಸಿದರೆ ಒಂದೂ ತಪ್ಪಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು.

ತಪ್ಪು ಎಲ್ಲಿತ್ತೆಂದರೆ, ಮೋಟಾರಿನ ತಂತಿ ಪಂಪ್‌ಮನೆಯ ಪ್ಲಗ್‌ಗೆ ಸೇರಿತ್ತು. ತ್ರೀಫೇಸ್ ವಿದ್ಯುತ್ ಬಂದಾಗ ಮಾತ್ರ ಅದು ತಿರುಗುತ್ತಿತ್ತು. ಅದೇ ಹೊತ್ತಿಗೆ ನಮ್ಮದೂ ಸುತ್ತಲಿನವರದೂ ಪಂಪ್‌ಸೆಟ್‌ಗಳು ಓಡುತ್ತಿದ್ದವು. ಖಾಲಿ ನೀರನ್ನು ದಾಖಲಿಸಿದ್ದು ವಿದ್ಯುತ್ ಹೋದ ಮೇಲೆ. ಹೀಗಾಗಿ ವಿದ್ಯುತ್ತಿನ 50 ಹರ್ಟ್ಜ್‌ನ ಗುಂಯ್‌ಗುಡುವಿಕೆ, ಅದರ ಮಡಿಗಳಾದ 100, 150 ಎಲ್ಲವೂ ಕೇಬಲ್ ಹಿಡಿದು ‘ಟಾರ್ಪೆಡೊ’ ಸದ್ದಿನೊಳಗೆ ಸೇರಿಕೊಂಡಿದ್ದವು. ಯಂತ್ರ ಕಲಿತದ್ದು ಪ್ರೊಪೆಲ್ಲರನ್ನಲ್ಲ, ಪಂಪ್‌ಸೆಟ್ಟನ್ನು! ಪರೀಕ್ಷೆಗೂ ಅದೇ ದಿನಗಳ ದಾಖಲೆಯ ತುಂಡುಗಳನ್ನೇ ಬಳಸಿದ್ದರಿಂದ ತಪ್ಪು ಕಾಣಿಸಲಿಲ್ಲ. ಪಂಪ್‌ಸೆಟ್ ಓಡುತ್ತಿರುವಾಗ ನನ್ನ ಮೋಟಾರನ್ನು ನಿಲ್ಲಿಸಿ ಹತ್ತು ನಿಮಿಷ ದಾಖಲಿಸಿದ್ದರೆ ಸಾಕಿತ್ತು. ಆ ಹತ್ತು ನಿಮಿಷ ನನಗೆ ಹೊಳೆಯಲಿಲ್ಲ.

ಪರೀಕ್ಷಕರು ಹೊಂಡದ ಬಳಿ ಬಂದ ದಿನ, ಮೋಟಾರು ಇನ್ನೂ ನನ್ನ ಕೈಯಲ್ಲಿರುವಾಗಲೇ ಪಕ್ಕದ ಗದ್ದೆಯ ಪಂಪ್‌ಸೆಟ್ ಶುರುವಾಯಿತು, ಎಚ್ಚರಿಕೆ ಗಂಟೆ ಹೊಡೆದುಕೊಂಡಿತು. ವಿದ್ಯುತ್ ಹೋದ ಮೇಲೆ ಬ್ಯಾಟರಿಯಿಂದ ಮೋಟಾರು ತಿರುಗಿಸಿದೆ. ಗಂಟೆ ಸದ್ದಿಲ್ಲದೆ ಕುಳಿತಿತು. ರಕ್ಷಣಾ ಪ್ರಯೋಗಾಲಯವೊಂದರಲ್ಲಿ ತರಬೇತಿಗೆ ಸಿಗಬೇಕಿದ್ದ ಶಿಫಾರಸು ಪತ್ರ ಸಿಗಲೇ ಇಲ್ಲ.

ಸಮುದ್ರದಲ್ಲಿ ಆ ಪಂಪ್‌ಸೆಟ್ ಯಾವುದು ಗೊತ್ತೇ? ಹಡಗಿನದೇ ಎಂಜಿನ್. ಅದಕ್ಕಾಗಿಯೇ ಹೈಡ್ರೋಫೋನ್‌ಗಳ ಸಾಲನ್ನು ಹಡಗಿನ ಹಿಂದೆ ದೂರದಲ್ಲಿ ಎಳೆದೊಯ್ಯುತ್ತಾರೆ. 2020ರಲ್ಲಿ ನಮ್ಮ ನೌಕಾಪಡೆ ಸೇರಿದ ‘ಮಾರೀಚ್’ ವ್ಯವಸ್ಥೆಯೂ ಹಾಗೆಯೇ ಕೇಳಿಸಿಕೊಳ್ಳುತ್ತದೆ, ಆಮೇಲೆ ಮಾಯಾಜಿಂಕೆಯಂತೆ ಟಾರ್ಪೆಡೊವನ್ನು ದಾರಿ ತಪ್ಪಿಸುತ್ತದೆ. ಗಂಟೆಗೆ 90 ಕಿಲೋಮೀಟರ್ ವೇಗದ ಟಾರ್ಪೆಡೊ ಐದು ಕಿಲೋಮೀಟರ್ ದೂರದಲ್ಲಿ ಕೇಳಿಸಿದರೆ ನಿಮಗೆ ಸಿಗುವುದು 200 ಸೆಕೆಂಡು. ಪಂಪ್‌ಸೆಟ್ ಸದ್ದಿಗೆಲ್ಲ ಹುಸಿಗುರಿ ಎಸೆಯುತ್ತಾ ಹೋದರೆ ನಿಜವಾದದ್ದು ಬಂದಾಗ ಕೈ ಖಾಲಿ. ಎದುರು-ಟಾರ್ಪೆಡೊ ಅಷ್ಟು ಸುಲಭವಾಗಿದ್ದರೆ, ವಿಮಾನವಾಹಕ ನೌಕೆಗಳಲ್ಲಿ ಅಳವಡಿಸಿದ್ದನ್ನು ಅಮೆರಿಕ 2018ರಲ್ಲಿ ಕೈಬಿಡುತ್ತಿರಲಿಲ್ಲ.

1971ರ ಡಿಸೆಂಬರ್ 9ರಂದು ದಿಯು ಬಳಿ ಪಾಕಿಸ್ತಾನಿ ಜಲಾಂತರ್ಗಾಮಿಯ ಟಾರ್ಪೆಡೊ ಬಡಿದು ನಮ್ಮ ಯುದ್ಧನೌಕೆ ‘ಖುಕ್ರಿ’ ಮುಳುಗಿದಾಗ 18 ಅಧಿಕಾರಿಗಳು, 176 ನಾವಿಕರು ಹೋದರು. ಈ ಕೆಲಸಕ್ಕೆ ಕೈ ಹಾಕುವವರಿಗೆ ಆ ಲೆಕ್ಕ ನೆನಪಿರಬೇಕು.

ಮಂಡ್ಯದಲ್ಲಿ ಸಮುದ್ರವಿಲ್ಲವೆಂಬ ಚಿಂತೆ ಬಿಡಿ. ಕೊಚ್ಚಿಯ ನೌಕಾ ಪ್ರಯೋಗಾಲಯದವರೇ ಸೋನಾರ್ (ಸದ್ದಿನಿಂದ ನೀರೊಳಗಿನದನ್ನು ಪತ್ತೆಹಚ್ಚುವ ಉಪಕರಣ) ಪರೀಕ್ಷೆಗೆ ಇಡುಕ್ಕಿ ಜಲಾಶಯದ ಕುಳಮಾವಿಗೆ ಹೋಗುತ್ತಾರೆ. ನೀವು ಮೋಟಾರು ಇಳಿಸುವ ಮೊದಲು ಒಂದು ತಿಂಗಳು ಬರೀ ನೀರನ್ನು ದಾಖಲಿಸಿ: ವಿದ್ಯುತ್ ಇದ್ದಾಗ, ಹೋದಾಗ, ಮಳೆಯಲ್ಲಿ, ನಡುರಾತ್ರಿಯಲ್ಲಿ. ಒಂದು ದಿನದ ದಾಖಲೆಯಿಂದ ಕಲಿಸಿ, ಬೇರೆ ದಿನದ್ದರಿಂದ ಪರೀಕ್ಷಿಸಿ. ನನ್ನ ಹೈಡ್ರೋಫೋನ್ ಇನ್ನೂ ಕೆಲಸ ಮಾಡುತ್ತದೆ. ಬೇಕಿದ್ದರೆ ಮೈಸೂರಿಗೆ ಬಂದು ತೆಗೆದುಕೊಂಡು ಹೋಗಿ.